ಕಾಣೆಯಾದ ದಾರಿಹೋಕರ ಲೆಕ್ಕವಿಟ್ಟ ಸ್ಲೀಮನ್ ಸಾಹೇಬ

ಮುಂಬಯಿಯಿಂದ ಪ್ರಯಾಗ, ಕಾಶಿಗಳ ಕಡೆಗೆ ಹೋಗುವ ರೈಲುಗಾಡಿಯು ಇಟಾರ್ಸಿಯನ್ನು ಬಿಟ್ಟ ಬಳಿಕ ನರ್ಮದೆಯ ಕಣಿವೆಯಲ್ಲಿ ಸಾಗುತ್ತದೆ. ನರಸಿಂಗಪುರ, ಜಬಲಪುರಗಳನ್ನು ಕಳೆದು ಕಟ್ನಿಯನ್ನು ಮುಟ್ಟುವ ಮುನ್ನ ಸ್ಲೀಮನಾಬಾದ್ ಎಂಬ ಚಿಕ್ಕದೊಂದು ನಿಲ್ದಾಣವಿದೆ. ಹಿರಿಯರ ಅಸ್ಥಿಯನ್ನು ಗಂಗೆಯಲ್ಲಿ ಬಿಡಲೆಂದು ಈ ಮಾರ್ಗವಾಗಿ ಹೋಗಿಬಂದ ನಮ್ಮವರು ಅನೇಕರುಂಟು. ಹಿಂದಿಯ ಸೀಮೆಯ ನಡುವೆ ಈ ವಿಲಾಯತಿ ಹೆಸರಿನ ಊರು ಎಲ್ಲಿಂದ ಬಂದಿತೆಂದು ಅವರಲ್ಲಿ ಕೆಲವರಾದರೂ ಸೋಜಿಗಪಟ್ಟಿರಬಹುದು. ಅದು ಕಂಪೆನಿ ಸರಕಾರದ ಕಾಲದಲ್ಲಿ ಆ ಸೀಮೆಯನ್ನಾಳಿದ ವಿಲಿಯಂ ಹೆನ್ರಿ ಸ್ಲೀಮನ್ ಎಂಬ ಅಧಿಕಾರಿಯ ಹೆಸರು. ಅವನ ಜೀವನವನ್ನು ಇಂದು ನಮ್ಮ ವಾಚಕರ ಮುಂದಿಡುವುದಕ್ಕೆ ಕಾರಣವುಂಟು. ಮನೆಯನ್ನು ಬಿಟ್ಟು ದೂರದಲ್ಲಿ ದುಡಿದು, ಕೂಡಿಟ್ಟ ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು ಊರಿಗೆ ಹಿಂದಿರುಗುವ ಬಡ ನೌಕರನ ಪ್ರಾಣವೇ ಅವನ ಬಾಳಿನ ದೊಡ್ಡ ಕಾರ್ಯದ ವಸ್ತುವಾಗಿದ್ದಿತು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಉತ್ತರ ಹಿಂದುಸ್ಥಾನದ ಹೆದ್ದಾರಿಗಳಲ್ಲಿ ಜನರು ಕಾಣೆಯಾಗುತ್ತಿದ್ದರು. ಕೂಗಾಟವಿಲ್ಲ, ರಕ್ತದ ಕಲೆಯಿಲ್ಲ, ಹೆಣವೂ ಇಲ್ಲ. ರಜೆ ಪಡೆದು ಊರಿಗೆ ಹೊರಟ ಸಿಪಾಯಿಯು ಊರನ್ನು ಮುಟ್ಟಲಿಲ್ಲ. ಸಾಹುಕಾರನ ಹಣವನ್ನು ಹೊತ್ತ ಹರಿಕಾರನು ಹಿಂದಿರುಗಲಿಲ್ಲ. ಯಾತ್ರೆಗೆ ಹೋದವರ ಸುದ್ದಿಯೇ ಬರಲಿಲ್ಲ. ಮನೆಯವರು ಮಗನು ಇನ್ನೂ ಪಲ್ಟಣಿಯಲ್ಲಿರುವನೆಂದು ನಂಬಿ ದಿನವೆಣಿಸುತ್ತಿದ್ದರು. ಪಲ್ಟಣಿಯವರು ಅವನು ಊರು ಸೇರಿರುವನೆಂದು ತಿಳಿದಿದ್ದರು. ರಜೆ ಮುಗಿದ ಮೇಲೂ ಬಾರದಿದ್ದರೆ ಓಡಿಹೋದವನೆಂದು ದಫ್ತರದಲ್ಲಿ ಬರೆದು ಸುಮ್ಮನಾಗುವುದು ಅವರಿಗೆ ಸುಲಭವಾಗಿದ್ದಿತು. ಎರಡು ಊರುಗಳ ನಡುವೆ ಸತ್ತವನನ್ನು ಆ ಎರಡು ಊರುಗಳಲ್ಲಿ ಯಾವುದೂ ತನ್ನ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕೊಲೆಗಾರರಿಗೆ ಅತ್ಯಂತ ಭದ್ರವಾದ ಆಶ್ರಯವೆಂದರೆ ಇದೇ. ಆ ಎರಡು ತುದಿಗಳನ್ನೂ ಒಂದೇ ಕಾಗದದ ಮೇಲೆ ತಂದು ಜೋಡಿಸಿದವನು ಸ್ಲೀಮನ್.

ಕಾರ್ನ್‌ವಾಲಿನಿಂದ ನರ್ಮದೆಗೆ

ಸ್ಲೀಮನ್ನನು ೧೭೮೮ನೆಯ ಇಸವಿಯ ಆಗಸ್ಟ್ ೮ರಂದು ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಪ್ರಾಂತದ ಸ್ಟ್ರಾಟನ್ ಎಂಬಲ್ಲಿ ಹುಟ್ಟಿದನು. ತಂದೆಯು ಸುಂಕದ ಇಲಾಖೆಯಲ್ಲಿ ಮೇಲ್ವಿಚಾರಕನಾಗಿದ್ದನು. ಮಕ್ಕಳು ಹಲವರಿದ್ದ ಸಂಸಾರ. ದೊಡ್ಡ ಆಸ್ತಿಯೇನೂ ಇರಲಿಲ್ಲ. ಅಂತಹ ಮನೆಗಳ ತರುಣರು ಅನೇಕರು ಹೊಟ್ಟೆಪಾಡಿಗಾಗಿ ಕಂಪೆನಿಯ ಚಾಕರಿಯನ್ನು ಹಿಡಿಯುತ್ತಿದ್ದರು. ಸ್ಲೀಮನ್ನನೂ ೧೮೦೯ರಲ್ಲಿ ಬಂಗಾಳದ ಸೇನೆಯನ್ನು ಸೇರಿದನು. ೧೮೧೪ರಿಂದ ೧೮೧೬ರ ವರೆಗೆ ನಡೆದ ನೇಪಾಳದ ಯುದ್ಧದಲ್ಲಿ ಕಾದಿದನು.

ಅವನು ಒಳ್ಳೆಯ ಯೋಧನಾಗಿದ್ದಿರಬಹುದು. ಆದರೆ ಅವನ ನಿಜವಾದ ಬಲವಿದ್ದುದು ಭಾಷೆಯಲ್ಲಿ. ಇತರ ಅಧಿಕಾರಿಗಳು ಮುನ್ಷಿಯ ಮೂಲಕ ಕೇಳುತ್ತಿದ್ದುದನ್ನು ಇವನು ಜನರ ಬಾಯಿಂದಲೇ ಕೇಳಬಲ್ಲವನಾಗಿದ್ದನು. ರೈತನ ಸಂಗಡ ಬೆಳೆಯ ಮಾತು, ಸಿಪಾಯಿಯ ಸಂಗಡ ಮನೆಯ ಮಾತು ಆಡುತ್ತ ಗಂಟೆಗಟ್ಟಲೆ ಕುಳಿತಿರುವುದು ಅವನ ಸ್ವಭಾವವಾಗಿದ್ದಿತು. ಮುಂದೆ ಈ ಗುಣವೇ ಅವನ ಕೈಹಿಡಿಯಿತು.

೧೮೨೦ರಲ್ಲಿ ಅವನನ್ನು ಸೇನೆಯಿಂದ ಬಿಡಿಸಿ, ಮರಾಠರಿಂದ ಹೊಸದಾಗಿ ಕಂಪೆನಿಗೆ ಸೇರಿದ್ದ ಸಾಗರ ಮತ್ತು ನರ್ಮದಾ ಪ್ರದೇಶಗಳ ಆಡಳಿತಕ್ಕೆ ನೇಮಿಸಿದರು. ೧೮೨೨ರಲ್ಲಿ ನರಸಿಂಗಪುರ ಜಿಲ್ಲೆಯು ಅವನ ವಶಕ್ಕೆ ಬಂದಿತು. ಕಂದಾಯ, ನ್ಯಾಯ, ಪೋಲೀಸು ಎಲ್ಲವೂ ಅವನೊಬ್ಬನದೇ. ಹಗಲಿರುಳು ದುಡಿದು, ತನ್ನ ಜಿಲ್ಲೆಯಲ್ಲಿ ತನಗೆ ತಿಳಿಯದ ಕಳವು ಒಂದೂ ನಡೆಯದು ಎಂಬ ಸಮಾಧಾನದಲ್ಲಿ ಅವನು ಎರಡು ವರುಷಗಳನ್ನು ಕಳೆದನು.

ಕಚೇರಿಯ ಮಗ್ಗುಲಲ್ಲಿಯೇ

ಆ ಸಮಾಧಾನವು ಎಷ್ಟು ಸುಳ್ಳಾಗಿದ್ದಿತೆಂಬುದು ಹಲವು ವರುಷಗಳ ತರುವಾಯ ತಿಳಿಯಿತು. ಅವನ ನ್ಯಾಯಾಲಯದಿಂದ ನಾನೂರು ಗಜ ದೂರವೂ ಇಲ್ಲದ ಕಂದೇಲಿ ಎಂಬ ಹಳ್ಳಿಯಲ್ಲಿ ಕೊಲೆಯನ್ನೇ ವೃತ್ತಿಯನ್ನಾಗಿ ಮಾಡಿಕೊಂಡ ಗುಂಪೊಂದು ವಾಸವಾಗಿದ್ದಿತು. ಒಂದು ಮಜಲಿನ ಪಯಣಕ್ಕೆ ಸಿಗುವ ಮಂಡೇಸರದ ವಿಶಾಲವಾದ ಮಾವಿನ ತೋಪುಗಳು, ಸಾಗರಕ್ಕೂ ಭೋಪಾಲಕ್ಕೂ ಹೋಗುವ ಹಾದಿಯಲ್ಲಿದ್ದವು. ಅವು ಹಿಂದುಸ್ಥಾನದ ಅತಿ ದೊಡ್ಡ ಕೊಲೆಯ ತಾಣಗಳಲ್ಲಿ ಒಂದಾಗಿದ್ದವು. ಉತ್ತರದಿಂದಲೂ ದಖ್ಖನದಿಂದಲೂ ಬಂದ ತಂಡಗಳು ವರುಷವರುಷವೂ ಅಲ್ಲಿ ಕೂಡಿ, ಹಲವು ದಿನ ತಂಗಿ, ಸುತ್ತಣ ದಾರಿಗಳಲ್ಲಿ ತಮ್ಮ ಕೆಲಸವನ್ನು ನಡೆಸುತ್ತಿದ್ದವು. ಇದಾವುದನ್ನೂ ಜಿಲ್ಲೆಯ ಒಡೆಯನು ಅರಿಯನು!

ಇಂತಹ ಚುರುಕಿನ ಅಧಿಕಾರಿಗೆ ಇದು ಕಾಣದೆ ಹೋದುದೇಕೆ? ಇದಕ್ಕೆ ಉತ್ತರವನ್ನು ತಿಳಿದರೆ ಠಕ್ಕರ ಕ್ರಮವೆಲ್ಲವೂ ತಿಳಿದಂತೆ. ಠಕ್ಕನು ತನ್ನ ಊರಿನ ಸಮೀಪದಲ್ಲಿ ಕೊಲೆ ಮಾಡುತ್ತಿರಲಿಲ್ಲ. ಊರಿನಲ್ಲಿ ಅವನು ಹೊಲವನ್ನು ಉಳುವವನು, ಜಮೀನುದಾರನಿಗೆ ಕಪ್ಪವನ್ನು ಕೊಡುವವನು, ನೆರೆಯವರ ಮದುವೆಗೆ ಹೋಗುವವನು. ಮಳೆಗಾಲ ಕಳೆದು ದಾರಿಗಳು ಒಣಗಿದ ಮೇಲೆ ತಂಡ ಕಟ್ಟಿಕೊಂಡು ನೂರಾರು ಮೈಲಿಗಳಾಚೆಗೆ ಹೋಗುತ್ತಿದ್ದನು. ಕೊಲ್ಲಲ್ಪಟ್ಟವನೂ ಆ ಸೀಮೆಯವನಲ್ಲ, ದಾರಿಹೋಕ. ಹೀಗೆ ಕೊಂದವನೂ ಪರಊರಿನವನು, ಸತ್ತವನೂ ಪರಊರಿನವನು. ಕೊಲೆ ನಡೆದ ಜಿಲ್ಲೆಯಲ್ಲಿ ದೂರು ಕೊಡುವವರು ಯಾರೂ ಇಲ್ಲ. ಮ್ಯಾಜಿಸ್ಟ್ರೇಟನ ಪುಸ್ತಕವು ಸ್ವಚ್ಛವಾಗಿಯೇ ಉಳಿಯುತ್ತಿದ್ದಿತು.

ಕೊಲೆಯ ವಿಧಾನವೂ ಅಷ್ಟೇ ಎಚ್ಚರಿಕೆಯದು. ಮಾತು ಬಲ್ಲವರಾದ ಇಬ್ಬರು ಮೂವರು ಮುಂದೆ ಹೋಗಿ ದಾರಿಹೋಕರ ಸ್ನೇಹವನ್ನು ಸಂಪಾದಿಸುವರು. ದಾರಿಯು ಭಯದ್ದೆಂದೂ ಜೊತೆಯಾಗಿ ಹೋಗುವುದು ಕ್ಷೇಮವೆಂದೂ ಹೇಳುವರು. ಕೆಲವು ದಿನ ಜೊತೆಯಲ್ಲಿಯೇ ನಡೆದು, ಅನ್ನವನ್ನು ಬೇಯಿಸಿ, ಕಥೆ ಹೇಳಿ ನಂಬಿಕೆಯನ್ನು ಬೆಳೆಸುವರು. ನಿಶ್ಚಯಿಸಿದ ತಾಣಕ್ಕೆ ಬಂದೊಡನೆ ಸಂಕೇತದ ಮಾತೊಂದು ಹೊರಡುವುದು. ರುಮಾಲು ಕೊರಳಿಗೆ ಬೀಳುವುದು. ಗುಂಡಿಯು ಅದಾಗಲೇ ಸಿದ್ಧ. ಹೂಳಿ, ನೆಲವನ್ನು ಸಮಮಾಡಿ, ತಂಡವು ಮುಂದೆ ಸಾಗುವುದು.

ಈ ತಾಣಗಳಿಗೆ ಅವರ ಗುಪ್ತ ಭಾಷೆಯಲ್ಲಿ ಬೇಲ್ ಎಂಬ ಹೆಸರು. ಅವು ಮನಬಂದಂತೆ ಆರಿಸಿದವುಗಳಲ್ಲ. ದಾರಿಗೆ ಹತ್ತಿರವಾಗಿರಬೇಕು, ಆದರೆ ದಾರಿಯ ಮೇಲಿರಬಾರದು. ತಂಗಲು ನೆರಳೂ ನೀರೂ ಇರಬೇಕು. ಮಣ್ಣು ಅಗೆಯಲು ಮೆದುವಾಗಿರಬೇಕು. ಹಳ್ಳಿಯವರ ಕಣ್ಣಿಗೆ ಮರೆಯಾಗಿರಬೇಕು. ಇಷ್ಟು ಗುಣಗಳುಳ್ಳ ಸ್ಥಳಗಳು ಒಂದು ಹಾದಿಯಲ್ಲಿ ಎಷ್ಟೋ ಇರಲಾರವು. ಆದುದರಿಂದ ಅವರು ಮತ್ತೆ ಮತ್ತೆ ಅದೇ ತಾಣಗಳಿಗೆ ಬರುತ್ತಿದ್ದರು. ಗುಟ್ಟಿನ ಕೋಟೆಯಲ್ಲಿ ಬಿರುಕು ಇದ್ದುದು ಇಲ್ಲಿಯೇ.

ಮುಂಚಿನವರ ಪ್ರಯತ್ನ

ಸ್ಲೀಮನ್ನನಿಗಿಂತ ಮುಂಚೆ ಈ ವಿಷಯ ಯಾರಿಗೂ ಗೊತ್ತಿರಲಿಲ್ಲವೆಂದು ಹೇಳಿದರೆ ತಪ್ಪಾದೀತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ನಮ್ಮ ಬೆಂಗಳೂರಿನ ಸಮೀಪದಲ್ಲಿಯೇ ಸುಮಾರು ನೂರು ಮಂದಿ ಕೊರಳುಬಿಗಿಯುವ ಕೊಲೆಗಾರರು ಸೆರೆಸಿಕ್ಕಿದ್ದರು. ಮದರಾಸಿನ ಶೆರ್ವುಡ್ ಎಂಬ ವೈದ್ಯನು ೧೮೧೬ರಲ್ಲಿ ದಕ್ಷಿಣದ ಈ ಪಾಶಗಾರರನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದನು. ಕನ್ನಡನಾಡಿನಲ್ಲಿ ಅವರನ್ನು ತಂತಿಕಳ್ಳರೆಂದು ಕರೆಯುತ್ತಿದ್ದರೆಂಬುದನ್ನು ಅವನು ಬರೆದಿಟ್ಟಿದ್ದಾನೆ. ತಂತಿಯ ಕುಣಿಕೆಯಿಂದ ಕೊರಳನ್ನು ಬಿಗಿಯುವವರು ಎಂದು ಅದರ ಅರ್ಥ. ನಮ್ಮ ಹಿರಿಯರು ಈ ಭಯವನ್ನು ಅರಿತಿದ್ದುದರಿಂದಲೇ ಅದಕ್ಕೊಂದು ಹೆಸರನ್ನಿಟ್ಟಿದ್ದರು.

ಉತ್ತರದಲ್ಲಿ ಇಟಾವಾದ ಮ್ಯಾಜಿಸ್ಟ್ರೇಟನಾಗಿದ್ದ ಪೆರಿ ಎಂಬವನು ದಾರಿಯ ಬಾವಿಗಳಲ್ಲಿ ಸಿಕ್ಕ ಹೆಣಗಳಿಂದ ಎಚ್ಚತ್ತು ಶೋಧವನ್ನು ನಡೆಸಿದನು. ೧೮೧೦ರಲ್ಲಿ ಸೇನೆಯವರು ಸಿಪಾಯಿಗಳಿಗೆ ಒಂದು ಹುಕುಮನ್ನು ಹೊರಡಿಸಿದರು: ರಜೆಯಲ್ಲಿ ಊರಿಗೆ ಹೋಗುವಾಗ ಅಪರಿಚಿತರ ಸಂಗವನ್ನು ಮಾಡಬಾರದು, ರಾತ್ರಿ ಪಯಣ ಮಾಡಬಾರದು, ನಗದನ್ನು ಒಯ್ಯದೆ ಹುಂಡಿಯ ಮೂಲಕ ಹಣವನ್ನು ಕಳುಹಿಸಬೇಕು. ಹೋಟೆಲಿನ ಗಲ್ಲಾದಿಂದ ಪಡೆದ ಪಗಾರವನ್ನು ಅಂಚೆ ಕಚೇರಿಗೆ ಒಯ್ದು ಊರಿಗೆ ಮನಿಯಾರ್ಡರು ಮಾಡುತ್ತಿದ್ದ ನಮ್ಮ ಹಿರಿಯ ತಲೆಮಾರಿನವರಿಗೆ ಈ ಬುದ್ಧಿವಾದವು ಹೊಸದೆಂದು ತೋರಲಾರದು.

೧೮೧೨ರಲ್ಲಿ ಚಂಬಲ್ ನದಿಯ ಕೊರಕಲುಗಳ ನಡುವಣ ಸಿಂದೌಸ್ ಎಂಬ ಠಕ್ಕರ ನೆಲೆಗೆ ಕಂಪೆನಿಯು ದಂಡನ್ನು ಕಳುಹಿಸಿತು. ಅಲ್ಲಿ ಮಾನ್ಸೆಲ್ ಎಂಬ ತರುಣ ಅಧಿಕಾರಿಯು ಕೊಲ್ಲಲ್ಪಟ್ಟನು. ದಂಡು ನೆಲೆಯನ್ನು ಮುರಿಯಿತು. ಆದರೆ ಫಲವೇನಾಯಿತು? ಅಲ್ಲಿದ್ದವರು ಚದರಿ ಬುಂದೇಲಖಂಡ, ಮಾಳವಗಳ ಕಡೆಗೆ ಹೋಗಿ ಬೇರೆ ರಾಜರ ಆಶ್ರಯದಲ್ಲಿ ಬೇರೂರಿದರು. ಒಂದು ಕೋಣೆಯಿಂದ ಓಡಿಸಿದ ಇಲಿಯು ಪಕ್ಕದ ಕೋಣೆಯನ್ನು ಸೇರಿದಂತಾಯಿತು. ಒಂದು ಜಿಲ್ಲೆಯನ್ನು ಮಾತ್ರ ನೋಡುವ ಅಧಿಕಾರಿಗೆ ಈ ರೋಗವನ್ನು ಗುಣಪಡಿಸಲು ಸಾಧ್ಯವಿಲ್ಲವೆಂಬುದು ಆಗಲೇ ಸಿದ್ಧವಾಗಿದ್ದಿತು.

ಸಲೋಹದ ಮಾವಿನ ತೋಪು

ಸ್ಲೀಮನ್ನನು ೧೮೨೮ರ ಹೊತ್ತಿಗೆ ಜಬಲಪುರಕ್ಕೆ ಬಂದಿದ್ದನು. ಆ ವರುಷವೇ ಅವನು ಅಲ್ಲಿಯ ಗುಡ್ಡದಲ್ಲಿ ಕಲ್ಲಾಗಿ ಹೋದ ದೈತ್ಯ ಪ್ರಾಣಿಯ ಎಲುಬುಗಳನ್ನು ಹೆಕ್ಕಿದನು. ಹಿಂದುಸ್ಥಾನದಲ್ಲಿ ದೊರೆತ ಮೊದಲ ಡೈನೋಸಾರ್ ಅವಶೇಷಗಳವು. ನೆಲದಡಿಯಲ್ಲಿ ಏನಿದೆಯೆಂಬ ಕುತೂಹಲವು ಅವನಿಗೆ ಮೊದಲಿನಿಂದಲೂ ಇದ್ದಿತೆಂದು ತೋರುತ್ತದೆ. ೧೮೨೯ರಲ್ಲಿ ಅವನು ಅಮೆಲಿ ಎಂಬ ಫ್ರೆಂಚ್ ಮನೆತನದ ತರುಣಿಯನ್ನು ಮದುವೆಯಾದನು. ಅವಳ ತಂದೆಗೆ ಮಾರಿಷಸ್ ದ್ವೀಪದಲ್ಲಿ ಕಬ್ಬಿನ ತೋಟಗಳಿದ್ದವು.

೧೮೩೦ರಲ್ಲಿ ಫಿರಂಗಿಯಾ ಎಂಬ ಪ್ರಸಿದ್ಧ ಠಕ್ಕ ಜಮಾದಾರನ ಸುಳಿವು ಸ್ಲೀಮನ್ನನಿಗೆ ಸಿಕ್ಕಿತು. ಜಾತಿಯಿಂದ ಬ್ರಾಹ್ಮಣ, ನೋಡಲು ಸುಂದರ, ಮಾತಿನಲ್ಲಿ ನಿಪುಣ. ಹಿಡಿಯಲು ಹೋದವರ ಕೈಯಿಂದ ನುಣುಚಿಕೊಂಡನು. ಆಗ ಸ್ಲೀಮನ್ನನು ಅವನ ತಾಯಿ, ಹೆಂಡತಿ, ಮಗುಗಳನ್ನು ವಶಕ್ಕೆ ತೆಗೆದುಕೊಂಡನು. ಇದು ನ್ಯಾಯವೇ ಎಂದು ಯಾರಾದರೂ ಕೇಳಿದರೆ ನಾವು ಹೌದೆನ್ನಲಾರೆವು. ಆದರೆ ಅವನು ಮಾಡಿದ ಎಣಿಕೆ ಸರಿಯಾಗಿದ್ದಿತು. ಯಾವ ಮನುಷ್ಯನೂ ತನ್ನವರು ಇರುವ ಸ್ಥಳದಿಂದ ಬಹುದೂರ ಹೋಗಿ ಬಹುಕಾಲ ಇರಲಾರನು. ಫಿರಂಗಿಯಾ ಅವರ ಸುತ್ತಮುತ್ತಲೇ ಸುಳಿದಾಡುತ್ತಿದ್ದು ಕೊನೆಗೆ ಸೆರೆಸಿಕ್ಕಿದನು.

ಪ್ರಾಣವನ್ನು ಉಳಿಸಿದರೆ ಎಲ್ಲವನ್ನೂ ತಿಳಿಸುವೆನೆಂದು ಅವನು ಒಪ್ಪಿಕೊಂಡನು. ಅವನ ಮಾತಿನ ನಿಜವು ಸಲೋಹ ಎಂಬ ಗ್ರಾಮದ ಬಳಿ ಬಯಲಾಯಿತು. ಸ್ಲೀಮನ್ನನ ಡೇರೆಗಳನ್ನು ಅಲ್ಲಿಯ ಮಾವಿನ ತೋಪಿನಲ್ಲಿ ಹೊಡೆದಿದ್ದರು. ನೆಲವೆಲ್ಲ ಹಸುರು ಹುಲ್ಲು. ಎಂದೂ ಯಾರೂ ಅಗೆದ ಗುರುತಿಲ್ಲ. ಫಿರಂಗಿಯಾ ಹತ್ತಿರದ ಇಟ್ಟಿಗೆಯ ಕಟ್ಟೆಯನ್ನು ನೋಡಿದನು, ಮರಗಳನ್ನು ಒಂದೊಂದಾಗಿ ಪರೀಕ್ಷಿಸಿದನು, ಆಮೇಲೆ ಬೆರಳು ಮಾಡಿ ತೋರಿಸಿದನು. ೧೮೧೮ರಲ್ಲಿ ಕೊಂದ ಪಂಡಿತನೊಬ್ಬನೂ ಅವನ ಆರು ಮಂದಿ ಪರಿವಾರದವರೂ ಇಲ್ಲಿ. ೧೮೨೪ರಲ್ಲಿ ಕೊಂದ ಹವಾಲ್ದಾರನೂ ನಾಲ್ವರು ಸಿಪಾಯಿಗಳೂ ಸಾಹೇಬನ ಕುದುರೆಗಳನ್ನು ಕಟ್ಟಿರುವಲ್ಲಿ. ಗಂಗಾಜಲವನ್ನು ಹೊತ್ತು ಬರುತ್ತಿದ್ದ ನಾಲ್ವರು ಬ್ರಾಹ್ಮಣರೂ ಒಬ್ಬ ಹೆಂಗಸೂ ಸಾಹೇಬನು ಮಲಗುವ ಡೇರೆಯೊಳಗೆ. ಆ ಹೊತ್ತಿನಲ್ಲಿ ಸ್ಲೀಮನ್ನನ ಹೆಂಡತಿಯು ಅದೇ ಡೇರೆಯಲ್ಲಿ ಏನನ್ನೂ ಅರಿಯದೆ ನಿದ್ರೆಮಾಡುತ್ತಿದ್ದಳು.

ಸುತ್ತಣ ಹಳ್ಳಿಗಳವರನ್ನು ಕರೆಸಿ ಅಗೆಯಿಸಿದರು. ಹೇಳಿದಲ್ಲಿಯೇ, ಹೇಳಿದಂತೆಯೇ ಎಲುಬುಗಳು ಹೊರಬಂದವು. ಗಂಗಾಜಲದ ಕಾವಡಿಯನ್ನು ಹೊತ್ತು ತಿಂಗಳುಗಟ್ಟಲೆ ನಡೆದ ಆ ನಾಲ್ವರಿಗಾಗಿ ಯಾವ ಊರಿನಲ್ಲಿ ಯಾರು ಕಾದಿದ್ದರೋ! ಹನ್ನೆರಡು ವರುಷಗಳ ಕಾಲ ಅವರ ಮೇಲೆ ಹುಲ್ಲು ಬೆಳೆಯಿತು, ದಾರಿಹೋಕರು ನೆರಳಿಗೆ ಬಂದು ಕುಳಿತರು, ಎದ್ದು ಹೋದರು.

ನಕಾಶೆಯೂ ವಂಶಾವಳಿಯೂ

ಇಲ್ಲಿಂದ ಮುಂದೆ ಸ್ಲೀಮನ್ನನು ಮಾಡಿದ ಕೆಲಸವು ಗುಮಾಸ್ತನ ಕೆಲಸವೆಂದರೆ ಸರಿಯಾದೀತು. ನಮ್ಮ ವಾಚಕರಲ್ಲಿ ಕಚೇರಿಯಲ್ಲಿ ಕುಳಿತು ಖಾತೆಯಿಂದ ಖಾತೆಗೆ ತಾಳೆ ನೋಡುವವರು ಅನೇಕರಿದ್ದಾರೆ. ಅವರಿಗೆ ಇದರ ಸ್ವಾರಸ್ಯವು ಚೆನ್ನಾಗಿ ತಿಳಿಯುವುದು.

ಮೊದಲನೆಯದಾಗಿ, ಮಾಫಿ ಸಾಕ್ಷಿಗಳನ್ನು ಬೇರೆ ಬೇರೆಯಾಗಿ ಇರಿಸಿ, ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದಂತೆ ವಿಚಾರಿಸಿದನು. ಯಾವ ವರುಷ, ಯಾವ ಹಾದಿ, ಯಾವ ತಾಣ, ಸತ್ತವರು ಎಷ್ಟು ಮಂದಿ, ತಂಡದಲ್ಲಿದ್ದವರು ಯಾರು ಯಾರು ಎಂದು ಬರೆಯಿಸಿದನು. ಎರಡನೆಯದಾಗಿ, ಅವರು ಹೇಳಿದ ತಾಣಗಳನ್ನು ಅಗೆಯಿಸಿ ನೋಡಿದನು. ಮೂರನೆಯದಾಗಿ, ಕಾಣೆಯಾದವರ ಬಂಧುಗಳನ್ನು ಹುಡುಕಿಸಿ, ಸಿಕ್ಕ ವಸ್ತುಗಳನ್ನು ಗುರುತು ಹಿಡಿಯಿಸಿದನು. ನಾಲ್ಕನೆಯದಾಗಿ, ಠಕ್ಕರ ಮನೆತನಗಳ ವಂಶಾವಳಿಗಳನ್ನು ಬರೆದು, ಯಾರು ಯಾರ ಮಗ, ಯಾರ ಅಳಿಯ, ಎಲ್ಲಿ ವಾಸ ಎಂಬುದನ್ನು ಗೊತ್ತುಪಡಿಸಿದನು. ಅವರ ಗುಪ್ತ ಭಾಷೆಯನ್ನೂ ಕಲಿತು, ಅದರ ಕೋಶವನ್ನು ರಾಮಸೀಆನಾ ಎಂಬ ಹೆಸರಿನಿಂದ ೧೮೩೬ರಲ್ಲಿ ಕಲಕತ್ತೆಯಲ್ಲಿ ಅಚ್ಚುಹಾಕಿಸಿದನು.

ಇವೆಲ್ಲಕ್ಕೂ ಮಕುಟದಂತಿದ್ದುದು ನಕಾಶೆ. ಲಖನೌದ ರೆಸಿಡೆಂಟನ ಸಹಾಯಕನಾಗಿದ್ದ ಕ್ಯಾಪ್ಟನ್ ಪೇಟನ್ ಎಂಬವನು ಮಾಫಿ ಸಾಕ್ಷಿಗಳ ಮಾತಿನ ಆಧಾರದ ಮೇಲೆ ಅವಧ ರಾಜ್ಯದ ಹೆದ್ದಾರಿಗಳ ನಕಾಶೆಯನ್ನು ತಯಾರಿಸಿದನು. ಸುಮಾರು ೧,೪೦೦ ಮೈಲಿಗಳ ದಾರಿಯಲ್ಲಿ ೨೭೪ ಬೇಲ್‌ಗಳು ಗುರುತಾದವು. ಎಂದರೆ ಐದು ಮೈಲಿಗೊಂದರಂತೆ ಸ್ಮಶಾನ! ಒಂದೊಂದು ಕೊಲೆಯನ್ನೂ ಬೇರೆ ಬೇರೆಯಾಗಿ ಕೇಳಿದಾಗ ಕಟ್ಟುಕಥೆಯೆಂದು ತಲೆಯಾಡಿಸುತ್ತಿದ್ದ ಅಧಿಕಾರಿಗಳು, ಎಲ್ಲವೂ ಒಂದೇ ಹಾಳೆಯಲ್ಲಿ ಚುಕ್ಕೆಗಳಾಗಿ ಕಂಡಾಗ ಬಾಯಿ ಮುಚ್ಚಬೇಕಾಯಿತು.

ಇನ್ನೊಂದು ತೊಡಕಿದ್ದಿತು. ಒಂದು ಜಿಲ್ಲೆಯಲ್ಲಿ ನಡೆದ ಅಪರಾಧವನ್ನು ಇನ್ನೊಂದು ಜಿಲ್ಲೆಯ ನ್ಯಾಯಾಲಯವು ವಿಚಾರಿಸುವಂತಿರಲಿಲ್ಲ; ದೇಶೀಯ ಸಂಸ್ಥಾನಗಳ ಗಡಿಯಾಚೆಯ ಮಾತಂತೂ ಇನ್ನೂ ಕಷ್ಟ. ಗವರ್ನರ್ ಜನರಲ್ ಬೆಂಟಿಂಕನ ಬೆಂಬಲದಿಂದ ಈ ಗೋಡೆಗಳು ಒಂದೊಂದಾಗಿ ಬಿದ್ದವು. ೧೮೩೫ರಲ್ಲಿ ಸ್ಲೀಮನ್ನನು ಠಕ್ಕರ ನಿರ್ಮೂಲನದ ಇಲಾಖೆಯ ಮುಖ್ಯಾಧಿಕಾರಿಯಾದನು. ಬೆಂಟಿಂಕನು ಹೊರಟುಹೋದ ಬಳಿಕ ೧೮೩೬ರಲ್ಲಿ ಬಂದ ಕಾಯಿದೆಯು, ಕೊಲೆಯು ಎಲ್ಲಿಯೇ ನಡೆದಿರಲಿ, ಠಕ್ಕರ ತಂಡಕ್ಕೆ ಸೇರಿದ್ದವನನ್ನು ಯಾವ ಜಿಲ್ಲೆಯಲ್ಲಿಯಾದರೂ ವಿಚಾರಿಸಿ ಆಜೀವ ಸೆರೆಗೆ ಹಾಕಬಹುದೆಂದು ವಿಧಿಸಿತು. ೧೮೨೬ರಿಂದ ೧೮೩೫ರೊಳಗೆ ೧,೪೦೦ಕ್ಕೂ ಹೆಚ್ಚು ಮಂದಿ ಗಲ್ಲಿಗೇರಿದರು ಅಥವಾ ಕರಿನೀರಿನ ಶಿಕ್ಷೆಗೆ ಗುರಿಯಾದರು. ೧೮೩೯ರಲ್ಲಿ ದರೋಡೆಕೋರರ ವಿಚಾರವನ್ನೂ ಸ್ಲೀಮನ್ನನಿಗೇ ಒಪ್ಪಿಸಿದರು.

ಈ ಕಾಲದ ವಿದ್ಯೆ

ಈ ಕಾಲದಲ್ಲಿ ಪೋಲೀಸರಿಗೆ ಇದನ್ನೇ ಹೋಲುವ ವಿದ್ಯೆಯೊಂದು ಬಂದಿದೆ. ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ಪೋಲೀಸನಾಗಿದ್ದು ೧೯೯೫ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದ ಕಿಮ್ ರಾಸ್ಮೋ ಎಂಬವರು ಅದನ್ನು ಶಾಸ್ತ್ರದ ರೂಪಕ್ಕೆ ತಂದರು. ಒಬ್ಬನೇ ಪಾತಕಿಯು ಹಲವು ಕಡೆ ಅಪರಾಧಗಳನ್ನು ಮಾಡಿದ್ದರೆ, ಆ ಸ್ಥಳಗಳಿಂದ ಹಿಂದಕ್ಕೆ ಲೆಕ್ಕಹಾಕಿ ಅವನ ವಾಸಸ್ಥಳವನ್ನು ಊಹಿಸುವುದೇ ಈ ವಿದ್ಯೆ. ಅದರ ತತ್ವವು ಸರಳವಾದುದು. ಪಾತಕಿಯು ತನ್ನ ಮನೆಯ ಬಾಗಿಲಲ್ಲಿ ಕೆಟ್ಟ ಕೆಲಸ ಮಾಡಲು ಅಂಜುತ್ತಾನೆ. ಗುರುತು ಹಿಡಿಯುವರೆಂಬ ಭಯ. ಬಹುದೂರಕ್ಕೂ ಹೋಗನು, ಶ್ರಮವೂ ಹೆಚ್ಚು, ದಾರಿಯೂ ಅಪರಿಚಿತ. ಇವೆರಡರ ನಡುವಣ ಅಂತರವನ್ನು ಗಣಿತದಿಂದ ತೂಗಿ, ಕಂಪ್ಯೂಟರಿನಿಂದ ನಕಾಶೆಗೆ ಬಣ್ಣ ಕೊಡಿಸಿದರೆ, ಎಲ್ಲಿ ಮೊದಲು ಹುಡುಕಬೇಕೆಂಬುದು ತಿಳಿಯುತ್ತದೆ. ಮನೆಯ ನಂಬರು ಸಿಗುವುದಿಲ್ಲ; ಸಾವಿರ ಬೀದಿಗಳ ಬದಲು ಹತ್ತಾರು ಬೀದಿಗಳಲ್ಲಿ ಹುಡುಕಿದರಾಯಿತು.

ಆದರೆ ಈ ಹೊಸ ವಿದ್ಯೆಯು ಠಕ್ಕರ ಮುಂದೆ ಕೈಚೆಲ್ಲುತ್ತಿದ್ದಿತೆಂಬುದು ನಮ್ಮ ಅಭಿಪ್ರಾಯ. ಮನೆಯಿಂದ ಹೊರಟು ಪರಸೀಮೆಗೆ ಹೋಗಿ ಕೊಲ್ಲುವವನ ಮನೆಯನ್ನು ಕೊಲೆಯ ಸ್ಥಳಗಳ ಅಂತರದಿಂದ ಅಳೆಯುವುದು ಆಗದ ಮಾತು. ಇದನ್ನು ಆ ವಿದ್ಯೆಯನ್ನು ಬಲ್ಲವರೂ ಒಪ್ಪುತ್ತಾರೆ. ಆದುದರಿಂದಲೇ ಸ್ಲೀಮನ್ನನಿಗೆ ನಕಾಶೆಯೊಂದೇ ಸಾಲಲಿಲ್ಲ. ನಕಾಶೆಯು ಹೆಣಗಳನ್ನು ತೋರಿಸಿತು. ವಂಶಾವಳಿಯು ಮನೆಗಳನ್ನು ತೋರಿಸಿತು. ಎರಡೂ ಕೂಡಿದಾಗ ಮಾತ್ರ ಕೈದಿಯು ಸಿಕ್ಕನು.

ನಾವು ಮರೆಯಬಾರದ ಮಾತು

ಸ್ಲೀಮನ್ನನನ್ನು ಹೊಗಳಿ ಇಷ್ಟಕ್ಕೆ ಮುಗಿಸಿದರೆ ನಾವು ಅರ್ಧ ಸತ್ಯವನ್ನು ಹೇಳಿದಂತಾಗುವುದು. ಮಾಫಿ ಸಾಕ್ಷಿಯು ತನ್ನ ಪ್ರಾಣವನ್ನು ಉಳಿಸಿಕೊಳ್ಳಲು ಮಾತಾಡುವವನು. ಒಬ್ಬನ ಹೆಸರನ್ನು ಹೇಳಿದರೆ ತನಗೆ ಬದುಕು, ಹೇಳದಿದ್ದರೆ ಗಲ್ಲು ಎಂದಾಗ ನಿರಪರಾಧಿಯ ಹೆಸರು ಒಂದೂ ಸೇರದೆ ಇದ್ದಿತೆಂದು ಯಾರು ಹೇಳಬಲ್ಲರು? ಹೊಸ ಕಾಯಿದೆಯಲ್ಲಿ ಇಂತಹ ಕೊಲೆಯನ್ನು ಇವನೇ ಮಾಡಿದನೆಂದು ತೋರಿಸಬೇಕಾದ ಅಗತ್ಯವೂ ಇರಲಿಲ್ಲ. ತಂಡಕ್ಕೆ ಸೇರಿದವನೆಂದು ತೋರಿಸಿದರೆ ಸಾಕಾಗಿದ್ದಿತು.

ಠಕ್ಕರೆಲ್ಲರೂ ಕಾಳಿಯ ಭಕ್ತರು, ಕೊಲೆಯೇ ಅವರ ಪೂಜೆ ಎಂಬ ಚಿತ್ರವನ್ನೂ ಸ್ಲೀಮನ್ನನು ಹರಡಿದನು. ಈಚಿನ ಇತಿಹಾಸಕಾರರು ಇದನ್ನು ಪ್ರಶ್ನಿಸಿದ್ದಾರೆ. ಠಕ್ಕರಲ್ಲಿ ಮುಸಲ್ಮಾನರೂ ಬಹಳ ಮಂದಿ ಇದ್ದರು. ಕೆಲಸವಿಲ್ಲದ ಸೈನಿಕರೂ ಬಡ ರೈತರೂ ಇದ್ದರು. ದೇವಿಗಿಂತ ಹೆಚ್ಚಾಗಿ ಹೊಟ್ಟೆಯೂ ಲೋಭವೂ ಅವರನ್ನು ದಾರಿಗೆ ಎಳೆದವೆಂದು ಹೇಳಬೇಕಾಗುವುದು. ಸತ್ತವರು ಹತ್ತು ಲಕ್ಷ, ಇಪ್ಪತ್ತು ಲಕ್ಷವೆಂದು ಕೆಲವು ಪುಸ್ತಕಗಳು ಕೂಗುವ ಅಂಕೆಗಳಿಗೂ ಗಟ್ಟಿಯಾದ ಆಧಾರವಿಲ್ಲ.

ಎಲ್ಲಕ್ಕಿಂತ ದೊಡ್ಡ ಅನರ್ಥವು ಮುಂದೆ ಬಂದಿತು. ಅಪರಾಧವು ರಕ್ತದಲ್ಲಿ ಹರಿಯುತ್ತದೆ, ಮಗನು ತಂದೆಯ ಕಸಬನ್ನೇ ಹಿಡಿಯುತ್ತಾನೆ ಎಂಬ ಭಾವನೆಯು ಆ ವಂಶಾವಳಿಗಳ ಜೊತೆಯಲ್ಲಿಯೇ ಬೆಳೆಯಿತು. ೧೮೭೧ರಲ್ಲಿ ಬ್ರಿಟಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿತು. ಇಡೀ ಜನಾಂಗಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಯಲ್ಲಿ ಬರೆದರು. ಊರಿನಿಂದ ಊರಿಗೆ ಹೋಗುವುದಕ್ಕೂ ಅವರು ಚಾವಡಿಯಲ್ಲಿ ಹಾಜರಿ ಕೊಡಬೇಕಾಯಿತು. ಸ್ವತಂತ್ರ ಭಾರತವು ೧೯೫೨ರಲ್ಲಿ ಆ ಕಾಯಿದೆಯನ್ನು ತೆಗೆದುಹಾಕಿತು. ವಿಮುಕ್ತರೆನಿಸಿದ ಆ ಜನರ ಹಣೆಯ ಕಲಂಕವು ಮಾತ್ರ ಅಷ್ಟು ಸುಲಭವಾಗಿ ಅಳಿಯಲಿಲ್ಲ. ಕೊಲೆಗಾರನ ಮನೆಯನ್ನು ತೋರಿಸುವ ನಕಾಶೆಯು ಒಳ್ಳೆಯದು. ಒಂದು ಕೇರಿಗೆ ಕೇರಿಯನ್ನೇ ಕೊಲೆಗಾರರದೆಂದು ಬರೆಯುವ ನಕಾಶೆಯು ಇನ್ನೊಂದು ಬಗೆಯ ಕೊಲೆ. ಬಾಡಿಗೆಯ ಕೋಣೆಯನ್ನು ಕೇಳಲು ಹೋದಾಗ ಯಾವ ಊರಿನವನು, ಯಾವ ಭಾಷೆಯವನು ಎಂದು ಮೊದಲು ಕೇಳಿಸಿಕೊಂಡ ನಮಗೆ ಇದರ ಬಿಸಿಯು ಸ್ವಲ್ಪವಾದರೂ ತಿಳಿಯಬೇಕು.

ಸ್ಲೀಮನ್ನನ ಪರವಾಗಿ ಒಂದು ಮಾತನ್ನು ಹೇಳಬೇಕು. ಮಾಫಿ ಸಾಕ್ಷಿಗಳೂ ಅವರ ಮಕ್ಕಳೂ ಬೇರೆ ಕಸಬನ್ನು ಕಲಿಯಲೆಂದು ಜಬಲಪುರದಲ್ಲಿ ಉದ್ಯೋಗಶಾಲೆಯೊಂದು ಆರಂಭವಾಯಿತು. ಅಲ್ಲಿ ಡೇರೆ, ಜಮಖಾನಗಳ ನೇಯ್ಗೆಯನ್ನು ಕಲಿಸಿದರು. ರುಮಾಲಿನಿಂದ ಕೊರಳನ್ನು ಬಿಗಿದ ಕೈಗಳು ನೂಲನ್ನು ಹಿಡಿದವು. ರಕ್ತದಲ್ಲಿ ಪಾಪವಿದೆಯೆಂಬ ಸಿದ್ಧಾಂತವು ಸುಳ್ಳೆಂಬುದಕ್ಕೆ ಆ ಶಾಲೆಗಿಂತ ಬೇರೆ ಸಾಕ್ಷಿ ಬೇಕೆ?

ಕೊನೆಯ ದಿನಗಳು

೧೮೪೩ರಲ್ಲಿ ಸ್ಲೀಮನ್ನನು ಗ್ವಾಲಿಯರಿನ ರೆಸಿಡೆಂಟನಾದನು. ೧೮೪೯ರಲ್ಲಿ ಲಖನೌಗೆ ಹೋದನು. ೧೮೪೪ರಲ್ಲಿ ಪ್ರಕಟವಾದ ಅವನ ಸಂಚಾರದ ನೆನಪುಗಳು ಆ ಕಾಲದ ಹಿಂದುಸ್ಥಾನದ ಹಳ್ಳಿಯ ಬಾಳನ್ನು ತಿಳಿಯಲು ಇಂದಿಗೂ ಉಪಯುಕ್ತವಾಗಿವೆ. ಅದಕ್ಕಿಂತ ಮುಂಚೆ, ೧೮೩೯ರಲ್ಲಿ, ಮೆಡೋಸ್ ಟೇಲರನು ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯನ್ನು ಬರೆದು ಈ ವಿಷಯವನ್ನು ವಿಲಾಯತಿಯ ಮನೆಮನೆಗೂ ಮುಟ್ಟಿಸಿದ್ದನು. ಆ ಟೇಲರನೇ ೧೮೪೧ರಿಂದ ಹಲವು ವರುಷ ನಮ್ಮ ಸುರಪುರ ಸಂಸ್ಥಾನದಲ್ಲಿ ಕಂಪೆನಿಯ ಪ್ರತಿನಿಧಿಯಾಗಿದ್ದುದು ಕನ್ನಡಿಗರಿಗೆ ತಿಳಿದ ಸಂಗತಿ.

ಲಖನೌದಲ್ಲಿ ಸ್ಲೀಮನ್ನನು ಅವಧದ ಹಳ್ಳಿಗಳನ್ನು ಸುತ್ತಿ ಅಲ್ಲಿಯ ದುರಾಡಳಿತವನ್ನು ಕಟುವಾಗಿ ವರ್ಣಿಸಿದನು. ಆದರೆ ಆ ರಾಜ್ಯವನ್ನು ನುಂಗಿಹಾಕುವ ಡಾಲ್‌ಹೌಸಿಯ ಹಂಚಿಕೆಯನ್ನು ಅವನು ಒಪ್ಪಲಿಲ್ಲ. ಅದರಿಂದ ಸಿಪಾಯಿಗಳ ಮನಸ್ಸು ಕೆಡುವುದೆಂದು ಎಚ್ಚರಿಸಿದನು. ಆ ಸಿಪಾಯಿಗಳಲ್ಲಿ ಬಹುಮಂದಿ ಅವಧದವರೇ. ಅವರ ಮನೆಗಳು ಯಾವ ಹಳ್ಳಿಯಲ್ಲಿವೆ, ಅವರು ಯಾವ ದಾರಿಯಲ್ಲಿ ಮನೆಗೆ ಹೋಗುವರೆಂಬುದನ್ನು ಅವನಷ್ಟು ಬಲ್ಲವರು ಯಾರು? ಅವನ ಮಾತನ್ನು ಕೇಳುವವರು ಇರಲಿಲ್ಲ. ಮರುವರುಷವೇ, ೧೮೫೭ರಲ್ಲಿ, ಅದರ ಫಲವು ಕಾಣಿಸಿತು.

ಅದನ್ನು ನೋಡಲು ಅವನು ಬದುಕಿರಲಿಲ್ಲ. ದೇಹವು ಜರ್ಝರಿತವಾಗಿ, ೧೮೫೬ರ ಆರಂಭದಲ್ಲಿ ಹಡಗನ್ನೇರಿ ಸ್ವದೇಶಕ್ಕೆ ಹೊರಟನು. ನಲವತ್ತಾರು ವರುಷಗಳಿಗೂ ಮಿಕ್ಕ ಚಾಕರಿ ಮುಗಿಸಿ ಮನೆಗೆ ಹಿಂದಿರುಗುತ್ತಿದ್ದ ಈ ನೌಕರನೂ ಊರನ್ನ ಮುಟ್ಟಲಿಲ್ಲ. ಫೆಬ್ರುವರಿ ೧೦ರಂದು ಸಿಂಹಳದ ಸಮೀಪದಲ್ಲಿ ಹಡಗಿನಲ್ಲಿಯೇ ತೀರಿಕೊಂಡನು. ಅವನ ದೇಹವನ್ನು ಕಡಲಿಗೆ ಒಪ್ಪಿಸಿದರು. ಅವಧವು ಕಂಪೆನಿಯ ವಶವಾದುದೂ ಅದೇ ತಿಂಗಳಿನಲ್ಲಿ.

ಇಂದು ನಾವು ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಒಂದೇ ರಾತ್ರಿಯಲ್ಲಿ ಊರನ್ನು ಸೇರುತ್ತೇವೆ. ಆದರೂ ಊರಿನಿಂದ ಬಂದ ಹುಡುಗನೊಬ್ಬನು ಹೋಟೆಲಿನ ಕೆಲಸವನ್ನು ಬಿಟ್ಟು ಎಲ್ಲಿಗೋ ಹೋದನೆಂದಾಗ, ಊರಿಗೆ ಹೋಗಿರಬಹುದೆಂದು ಇಲ್ಲಿಯವರು, ಇನ್ನೂ ಅಲ್ಲಿಯೇ ಇರಬಹುದೆಂದು ಊರಿನವರು ಸುಮ್ಮನಾಗುವುದು ನಿಂತಿಲ್ಲ. ಹೊರಟವನ ಹೆಸರನ್ನೂ ಗಾಡಿಯನ್ನೂ ಜೊತೆಯ ಕೆಲಸದವನೊಬ್ಬನು ಬರೆದಿಟ್ಟುಕೊಳ್ಳಲಿ. ಮುಟ್ಟಿದವನು ಮುಟ್ಟಿದೆನೆಂದು ಒಂದು ಮಾತನ್ನು ತಿಳಿಸಲಿ. ಮುಂದಿನ ಸಲ ಕಾಶಿಯ ಗಾಡಿಯು ಸ್ಲೀಮನಾಬಾದನ್ನು ದಾಟುವಾಗ ನಮ್ಮ ವಾಚಕರು ಕಿಟಕಿಯ ಹೊರಗೆ ಮಾವಿನ ತೋಪೊಂದನ್ನು ಕಂಡರೆ, ಗಂಗಾಜಲವನ್ನು ಹೊತ್ತು ಬಂದು ಮನೆಯನ್ನು ಸೇರದೆ ಹೋದ ಆ ನಾಲ್ವರನ್ನೂ ಹೆಸರೂ ಉಳಿಯದ ಆ ಹೆಂಗಸನ್ನೂ ಒಮ್ಮೆ ನೆನೆಯಲಿ.